ಹೊಗೆ ತುಂಬಿದ ಕೋಣೆಯಲ್ಲಿ ಮೊದಲು ಏಳೋರು ಯಾರು?

ಇವತ್ತು ಒಂದು ಕೋಣೆಯ ಕಥೆಯಿಂದ ಶುರು ಮಾಡ್ತೀನಿ. ನಿಜವಾದ ಕಥೆ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ ಅಂತ ಇಬ್ಬರು ಮನಃಶಾಸ್ತ್ರಜ್ಞರು ಅಲ್ಲಿ ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 1968ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಕರೆದು, "ನಗರ ಜೀವನದ ಸಮಸ್ಯೆಗಳ ಬಗ್ಗೆ ನಿಮ್ಮನ್ನ ಮಾತಾಡಿಸಬೇಕು, ಅದಕ್ಕೂ ಮುಂಚೆ ಈ ಫಾರಂ ತುಂಬಿ" ಅಂತ ಒಂದು ಕೋಣೆಯಲ್ಲಿ ಕೂರಿಸಿದರು. ವಿದ್ಯಾರ್ಥಿ ಬರೀತಾ ಕೂತಿದ್ದಾನೆ. ಗೋಡೆಯಲ್ಲಿರೋ ಒಂದು ಸಣ್ಣ ಕಿಂಡಿಯಿಂದ ಹೊಗೆ ಬರೋಕೆ ಶುರುವಾಗುತ್ತೆ. ನಾಲ್ಕೈದು ನಿಮಿಷದಲ್ಲಿ ಕೋಣೆ ಮಬ್ಬು ಮಬ್ಬು.

ನೀವಾಗಿದ್ರೆ ಏನ್ ಮಾಡ್ತಿದ್ರಿ? ಎದ್ದು ಹೊರಗೆ ಹೋಗಿ ಹೇಳ್ತಿದ್ರಿ, ಅಲ್ವಾ? ಒಬ್ಬರೇ ಕೂತಿದ್ದವರ ಪೈಕಿ 100ಕ್ಕೆ 75 ಜನ ಅದನ್ನೇ ಮಾಡಿದರು. ಆದರೆ ಇನ್ನೊಂದು ಸಲ ಅದೇ ಕೋಣೆಯಲ್ಲಿ ವಿದ್ಯಾರ್ಥಿಯ ಜೊತೆ ಇನ್ನಿಬ್ಬರನ್ನು ಕೂರಿಸಿದರು. ಆ ಇಬ್ಬರಿಗೂ ಮೊದಲೇ ಹೇಳಿಕೊಟ್ಟಿದ್ದರು, 'ಹೊಗೆ ಬಂದ್ರೂ ತಲೆ ಕೆಡಿಸಿಕೊಳ್ಳಬೇಡಿ, ಬರೀತಾ ಇರಿ' ಅಂತ. ಈಗ ಎಷ್ಟು ಜನ ಎದ್ದರು ಗೊತ್ತಾ? 10 ಜನರಲ್ಲಿ ಒಬ್ಬ! ಉಳಿದ ಒಂಬತ್ತು ಜನ ಕೆಮ್ಮಿದರು, ಕಣ್ಣು ಉಜ್ಜಿಕೊಂಡರು, ಕೈಯಲ್ಲಿ ಹೊಗೆ ಬೀಸಿಕೊಂಡರು, ಮತ್ತೆ ಫಾರಂ ತುಂಬೋಕೆ ಕೂತರು. ಎದ್ದು ಹೋಗಿ ಹೇಳದವರನ್ನ 'ಯಾಕೆ ಹೇಳಲಿಲ್ಲ' ಅಂತ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಕಾರಣ. ಏಸಿಯ ಆವಿ ಇರಬಹುದು ಅಂದುಕೊಂಡೆ ಅಂದವರಿದ್ದಾರೆ. ನಗರದ ವಾತಾವರಣ ಅನ್ನಿಸಲಿ ಅಂತ ನೀವೇ ಬಿಟ್ಟ ಹೊಗೆ ಅಂದುಕೊಂಡೆ ಅಂದವರೂ ಇದ್ದಾರೆ!

ಐವತ್ತು ವರ್ಷಕ್ಕೂ ಹಳೆಯ ಈ ಪ್ರಯೋಗವನ್ನ ಇವತ್ತು ಯಾಕೆ ನೆನಪಿಸ್ತಿದ್ದೀನಿ? ಬೆಂಗಳೂರು ಈಗ ಆ ಕೋಣೆ. ನಾವೆಲ್ಲ ಫಾರಂ ತುಂಬ್ತಾ ಕೂತವರು.

ಸಿಲ್ಕ್ ಬೋರ್ಡ್ ಹತ್ರ ಸಂಜೆ ಆರೂವರೆಗೆ ನಿಂತು ನೋಡಿ. ಸ್ಕೂಟರ್ ಮೇಲೆ ಅಪ್ಪ, ಮುಂದೆ ನಿಂತ ಪುಟ್ಟ ಮಗು. ಮಗುವಿನ ಮೂಗು ಇರೋದು ಸರಿಯಾಗಿ ಮುಂದಿನ ಟೆಂಪೋದ ಸೈಲೆನ್ಸರ್ ಎತ್ತರಕ್ಕೆ. ಅಪ್ಪ ಕರ್ಚೀಫ್ ಕಟ್ಟಿಕೊಂಡಿದ್ದಾನೆ, ಮಗುವಿಗೆ ಅದೂ ಇಲ್ಲ. ಸುತ್ತ ಇನ್ನೂರು ಗಾಡಿ, ಎಲ್ಲದರ ಎಂಜಿನ್ ಆನ್. ಆ ಅಪ್ಪನಿಗೆ ಮಗುವಿನ ಮೇಲೆ ಪ್ರೀತಿ ಇಲ್ವಾ? ಇದೆ. ಹೊಗೆ ಕೆಟ್ಟದ್ದು ಅಂತ ಗೊತ್ತಿಲ್ವಾ? ಗೊತ್ತಿದೆ. ಮತ್ತೆ ಯಾಕೆ ಎಂಜಿನ್ ಆಫ್ ಮಾಡ್ತಿಲ್ಲ? ಪಕ್ಕದವನು ಮಾಡ್ತಿಲ್ಲ, ಅದಕ್ಕೆ. ಪಕ್ಕದವನು ಯಾಕೆ ಮಾಡ್ತಿಲ್ಲ? ಇವನು ಮಾಡ್ತಿಲ್ಲ, ಅದಕ್ಕೆ.

ನಮ್ಮಲ್ಲಿ ಒಂದು ಅಭ್ಯಾಸ ಇದೆ. ವಾಯುಮಾಲಿನ್ಯ ಅಂದ ತಕ್ಷಣ "ಜನರಿಗೆ ಅರಿವಿಲ್ಲ, ಜಾಗೃತಿ ಮೂಡಿಸಬೇಕು" ಅಂತ ಭಾಷಣ ಮಾಡೋದು. ಸ್ವಾಮಿ, ಅರಿವಿಗೆ ಏನೂ ಕೊರತೆ ಇಲ್ಲ. ಆಟೋ ಓಡಿಸೋ ಅಣ್ಣನನ್ನ ಕೇಳಿ, ಹೊಗೆಯಿಂದ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಹೇಳ್ತಾನೆ. ಅವನು ಅದನ್ನೇ ದಿನಕ್ಕೆ ಹನ್ನೆರಡು ಗಂಟೆ ಕುಡೀತಾನೆ. ಗೊತ್ತಿರೋದಕ್ಕೂ ಮಾಡೋದಕ್ಕೂ ನಡುವೆ ಒಂದು ಹಳ್ಳ ಇದೆ. ಆ ಹಳ್ಳದಲ್ಲಿ ಏನಿದೆ ಅಂತ ಇಳಿದು ನೋಡೋಣ.

ಮೊದಲನೆಯದು, 'ಇದು ನಮ್ಮ ಸಮಸ್ಯೆ ಅಲ್ಲ' ಅನ್ನೋ ಸಮಾಧಾನ. ಇದರಲ್ಲಿ ನಮ್ಮ ಚಾನೆಲ್‌ಗಳ ಪಾಲೂ ಇದೆ, ಒಪ್ಪಿಕೊಳ್ತೀನಿ. ಪ್ರತಿ ವರ್ಷ ನವೆಂಬರ್ ಬಂತು ಅಂದ್ರೆ ದೆಹಲಿಯ ಹೊಗೆ ತೋರಿಸ್ತೀವಿ. ಇಂಡಿಯಾ ಗೇಟ್ ಕಾಣಿಸ್ತಿಲ್ಲ ಅಂತ ಕೆಂಪು ಗ್ರಾಫಿಕ್ಸ್ ಹಾಕ್ತೀವಿ. ಜಯನಗರದಲ್ಲಿ ಕಾಫಿ ಕುಡೀತಾ ನೋಡೋರಿಗೆ ಏನನ್ನಿಸುತ್ತೆ? "ಅಬ್ಬಾ, ಸದ್ಯ ನಾವು ದೆಹಲಿಯಲ್ಲಿಲ್ಲ." ಅಲ್ಲಿಗೆ ಮುಗೀತು. ನಮಗೆ ಮೊದಲಿಂದಲೂ ಒಂದು ಜಂಬ ಇದೆ ನೋಡಿ. ಏರ್ ಕಂಡೀಷನ್ಡ್ ಸಿಟಿ, ಗಾರ್ಡನ್ ಸಿಟಿ, ಪಿಂಚಣಿದಾರರ ಸ್ವರ್ಗ. ಹೆಸರು ಉಳಿದಿದೆ. ಗಾಳಿ ಬದಲಾಗಿದೆ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ದೇಶದ ಎಕ್ಯುಐ ಪಟ್ಟಿಯಲ್ಲಿ 51ರಿಂದ 100ರವರೆಗೆ ಇದ್ದರೆ ಅದಕ್ಕೆ 'ತೃಪ್ತಿಕರ' ಅಂತ ಹೆಸರು. ಬೆಂಗಳೂರಿನಲ್ಲಿ ಎಷ್ಟೋ ದಿನ ಈ ಹಸಿರು ಬಣ್ಣವನ್ನೇ ನೋಡ್ತೀವಿ. ಈಗ ಪಿಎಂ 2.5 ತಗೊಳ್ಳಿ. ನಮ್ಮ ಕೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಭಾಗದಷ್ಟು ಸಣ್ಣ ಕಣ ಅದು, ಶ್ವಾಸಕೋಶದ ಆಳಕ್ಕೆ ಇಳಿದುಬಿಡುತ್ತೆ. ಈ ಕಣ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೊಗ್ರಾಂ ಇದ್ದರೂ ನಮ್ಮ ಪಟ್ಟಿಯ ಪ್ರಕಾರ 'ತೃಪ್ತಿಕರ'ವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಗೆರೆ ಎಷ್ಟು? ದಿನದ ಸರಾಸರಿ 15. ಅಂದ್ರೆ ಅವರು ಹೇಳಿದ್ದರ ನಾಲ್ಕು ಪಟ್ಟು ಉಸಿರಾಡಿದರೂ ನಮಗೆ ತೃಪ್ತಿ! ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತಲ್ಲ, ಗಾಳಿಯ ಮಾನದಂಡ ಮುಟ್ಟದ ಊರುಗಳು ಅಂತ ಅದರಲ್ಲಿ ಗುರುತಿಸಿದ ನಮ್ಮ ರಾಜ್ಯದ ಹೆಸರುಗಳು ಯಾವುವು? ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಪೇಡಾ ಊರೂ ಇದೆ, ಬೆಣ್ಣೆ ದೋಸೆ ಊರೂ ಇದೆ. ದೆಹಲಿಯವರನ್ನ ನೋಡಿ ಅಯ್ಯೋ ಪಾಪ ಅನ್ನೋಕೆ ನಮಗೇನು ಹಕ್ಕಿದೆ?

ಎರಡನೆಯದು, 'ನಾನೊಬ್ಬ ಮಾಡಿದ್ರೆ ಏನಾಗುತ್ತೆ?' ಈ ಪ್ರಶ್ನೆಗೆ ನಮ್ಮ ಅಜ್ಜಿಯರ ಹತ್ರ ಒಂದು ಕಥೆ ಇತ್ತು, ನೀವೂ ಕೇಳಿರ್ತೀರಿ. ರಾಜ ಡಂಗುರ ಹೊಡೆಸಿದ. ರಾತ್ರಿ ಎಲ್ಲರೂ ಒಂದೊಂದು ಚೊಂಬು ಹಾಲು ತಂದು ಕೊಳಕ್ಕೆ ಹಾಕಬೇಕು ಅಂತ. ಒಬ್ಬ ಅಂದುಕೊಂಡ, ಊರೆಲ್ಲ ಹಾಲು ಹಾಕುವಾಗ ನನ್ನ ಒಂದು ಚೊಂಬು ನೀರು ಯಾರಿಗೆ ಗೊತ್ತಾಗುತ್ತೆ? ಬೆಳಿಗ್ಗೆ ರಾಜ ಬಂದು ನೋಡಿದರೆ ಕೊಳದ ತುಂಬ ನೀರು. ಎಲ್ಲರೂ ಅದನ್ನೇ ಅಂದುಕೊಂಡಿದ್ದರು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಹೋಗಿದೆ. ಕೋಟಿಯಲ್ಲಿ ನನ್ನದೊಂದು ಗಾಡಿ ಯಾವ ಲೆಕ್ಕ ಅಂತ ಒಬ್ಬೊಬ್ಬರೂ ಅಂದುಕೊಂಡರೆ ಕೊಳದಲ್ಲಿ ಏನಿರುತ್ತೆ?

ಮನಃಶಾಸ್ತ್ರದವರು ಇದನ್ನ ಬೇರೆ ಮಾತಲ್ಲಿ ಹೇಳ್ತಾರೆ. ಮನುಷ್ಯ ಒಂದು ಒಳ್ಳೆ ಕೆಲಸಕ್ಕೆ ಕೈ ಹಾಕಬೇಕಾದರೆ ಮೂರು ಸಂಗತಿ ಮನಸ್ಸಿಗೆ ಬರಬೇಕು. ಇದರಿಂದ ಯಾರಿಗೋ ಪೆಟ್ಟಾಗ್ತಿದೆ ಅನ್ನೋದು ಕಾಣಬೇಕು. ಅದರಲ್ಲಿ ನನ್ನ ಪಾಲಿದೆ ಅನ್ನಿಸಬೇಕು. ನಾನು ಮಾಡಿದರೆ ಫಲ ಸಿಗುತ್ತೆ ಅನ್ನೋ ನಂಬಿಕೆ ಇರಬೇಕು. ಬರೀ ಹೆದರಿಸಿದ್ರೆ ಮೊದಲನೆಯದು ಮಾತ್ರ ಸಿಗುತ್ತೆ. 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದ ಸುಮಾರು 16.7 ಲಕ್ಷ ಸಾವು ಅಂತ ಲ್ಯಾನ್ಸೆಟ್ ಬಳಗದ ನಿಯತಕಾಲಿಕದಲ್ಲಿ ಅಂದಾಜು ಬಂತು. ಎಂಥ ಭಯಂಕರ ಸಂಖ್ಯೆ! ಆದರೆ ಮಾಡೋಕೆ ಏನೂ ಕೆಲಸ ಕೊಡದೆ ಇಂಥ ಸಂಖ್ಯೆ ಮಾತ್ರ ಕೊಟ್ಟರೆ ಮನುಷ್ಯ ಏನ್ ಮಾಡ್ತಾನೆ? ರಿಮೋಟ್ ತಗೊಂಡು ಚಾನೆಲ್ ಬದಲಾಯಿಸ್ತಾನೆ. ತಪ್ಪು ಅವನದಲ್ಲ, ಕೆಲಸ ಹೇಳದೆ ಭಯ ಮಾತ್ರ ಕೊಟ್ಟ ನಮ್ಮದು.

ಮೂರನೆಯದು ಎಲ್ಲಕ್ಕಿಂತ ಗಟ್ಟಿ ಗಂಟು. 'ಮೊದಲು ಅವರು ಮಾಡಲಿ.' ಒಬ್ಬ ವೀಕ್ಷಕರು ನನಗೆ ಫೋನ್ ಮಾಡಿದ್ದರು. "ಸಾರ್, ನಾನು ಕಾರು ಬಿಟ್ಟು ಬಸ್ಸಲ್ಲಿ ಹೋಗೋಕೆ ರೆಡಿ. ಆದ್ರೆ ನಮ್ಮ ಮನೆ ಹಿಂದೆ ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಸುಡ್ತಾರೆ. ಎರಡು ವರ್ಷದಿಂದ ದೂರು ಕೊಡ್ತಿದ್ದೀನಿ. ಅದನ್ನ ನಿಲ್ಲಿಸೋಕಾಗದವರು ನನಗ್ಯಾಕೆ ಬುದ್ಧಿ ಹೇಳ್ತಾರೆ?" ನನ್ನ ಹತ್ರ ಉತ್ತರ ಇರಲಿಲ್ಲ. ಅವರ ಪ್ರಶ್ನೆಯಲ್ಲಿ ಸೋಮಾರಿತನ ಇಲ್ಲ, ನ್ಯಾಯ ಇದೆ. ಗಾಡಿಯನ್ನೇ ನೋಡದೆ ಹೊಗೆ ಸರ್ಟಿಫಿಕೇಟ್ ಸಿಗೋ ಊರಲ್ಲಿ, ಪ್ರಾಮಾಣಿಕವಾಗಿ ಎಂಜಿನ್ ರಿಪೇರಿ ಮಾಡಿಸಿದವನು ದಡ್ಡ ಅನ್ನಿಸಿಕೊಳ್ತಾನೆ. ತಾನು ದಡ್ಡ ಆಗೋಕೆ ಯಾರಿಗೂ ಇಷ್ಟ ಇಲ್ಲ. ತ್ಯಾಗ ಮಾಡೋಕೆ ಜನ ಹಿಂಜರಿಯಲ್ಲ, ಮೋಸ ಹೋಗೋಕೆ ಹಿಂಜರಿತಾರೆ.

ಇದಕ್ಕೆ ಸಾಕ್ಷಿ ಬೇಕಾ? 2015ರ 'ಗಿವ್ ಇಟ್ ಅಪ್' ನೆನಪು ಮಾಡಿಕೊಳ್ಳಿ. ಅನುಕೂಲ ಇದ್ದವರು ಅಡುಗೆ ಅನಿಲದ ಸಬ್ಸಿಡಿ ಬಿಟ್ಟುಕೊಡಿ ಅಂತ ಪ್ರಧಾನಿ ಕೇಳಿದರು. ಕಾನೂನು ಇರಲಿಲ್ಲ, ದಂಡ ಇರಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ಬಿಟ್ಟುಕೊಟ್ಟರು! ನಮ್ಮ ದೇಶದಲ್ಲಿ, ಐದು ರೂಪಾಯಿ ಚಿಲ್ಲರೆಗೆ ಜಗಳ ಆಡೋ ನಾವೇ ಬಿಟ್ಟುಕೊಟ್ಟಿದ್ದು. ಯಾಕೆ? ಯಾಕಂದ್ರೆ ಕೇಳಿದ್ದು ಸ್ಪಷ್ಟವಾಗಿತ್ತು. ನಾನು ಬಿಟ್ಟದ್ದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿತ್ತು, ಸೌದೆ ಒಲೆ ಊದ್ತಾ ಕಣ್ಣೀರು ಹಾಕೋ ಒಬ್ಬ ಬಡ ತಾಯಿಯ ಮನೆಗೆ ಗ್ಯಾಸ್ ಹೋಗುತ್ತೆ ಅಂತ. ಆಫೀಸಿನಲ್ಲಿ ಪಕ್ಕದವರು 'ನಾನು ಬಿಟ್ಟೆ ಕಣ್ರೀ' ಅಂತ ಹೇಳ್ತಿದ್ದರು. ಆ ಸೌದೆ ಒಲೆಯ ಹೊಗೆಯೂ ವಾಯುಮಾಲಿನ್ಯವೇ, ಮರೀಬೇಡಿ. ಅಂದ್ರೆ ಈ ದೇಶದ ಜನ ಗಾಳಿಗೋಸ್ಕರ ಜೇಬಿಂದ ದುಡ್ಡು ಬಿಟ್ಟ ದಾಖಲೆ ಇದೆ.

ಬೆಂಗಳೂರಿಗೇ ಬನ್ನಿ. 2016ರ ಅಕ್ಟೋಬರ್‌ನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಜನ ಬೀದಿಗಿಳಿದು ಮಾನವ ಸರಪಳಿ ಮಾಡಿದರು. ಮರ ಉಳಿಸಿ ಅಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಬೆಂಗಳೂರಿನವರಿಗೆ ಊರಿನ ಮೇಲೆ ಮನಸ್ಸಿಲ್ಲ ಅನ್ನೋರು ಆ ಭಾನುವಾರವನ್ನ ಜ್ಞಾಪಿಸಿಕೊಳ್ಳಬೇಕು.

ಹಾಗಾದ್ರೆ ಎಲ್ಲಿ ಎಡವಿದ್ವಿ? ನಿಮಗೆ 'ಬಸ್ ಡೇ' ನೆನಪಿದೆಯಾ? 2010ರ ಫೆಬ್ರವರಿ 4ರಂದು ಬಿಎಂಟಿಸಿ ಶುರು ಮಾಡಿದ್ದು. ಪ್ರತಿ ತಿಂಗಳ 4ನೇ ತಾರೀಕು ಸ್ವಂತ ಗಾಡಿ ಬಿಡಿ, ಬಸ್ಸಲ್ಲಿ ಬನ್ನಿ. ಒಳ್ಳೆ ಉದ್ದೇಶ. ದೊಡ್ಡ ದೊಡ್ಡವರು ಬಸ್ ಹತ್ತಿದರು, ಕ್ಯಾಮೆರಾ ತಗೊಂಡು ನಾವೂ ಹೋದ್ವಿ. ಬರ್ತಾ ಬರ್ತಾ 4ನೇ ತಾರೀಕು ಕ್ಯಾಲೆಂಡರ್‌ನಲ್ಲಿ ಇನ್ನೊಂದು ದಿನ ಆಯ್ತು. ನನ್ನ ಅಭಿಪ್ರಾಯ ಹೇಳ್ತೀನಿ. 4ನೇ ತಾರೀಕು ಬಸ್ ಹತ್ತಿದವನಿಗೆ 5ನೇ ತಾರೀಕು ಬಸ್ ಹತ್ತೋಕೆ ಕಾರಣ ಸಿಗಲಿಲ್ಲ. ಬಸ್ ಅದೇ ಟ್ರಾಫಿಕ್‌ನಲ್ಲಿ ಕಾರಿನ ಹಿಂದೆ ನಿಂತಿರುತ್ತೆ. ಸ್ಟಾಪ್‌ನಿಂದ ಮನೆಗೆ ಬರೋ ಫುಟ್‌ಪಾತ್ ಮೇಲೆ ಬೈಕ್ ಓಡ್ತಿರುತ್ತೆ. ಒಂದು ದಿನದ ತ್ಯಾಗ ಕೇಳಿದ್ವಿ, 365 ದಿನದ ಅನುಕೂಲ ಕೊಡಲಿಲ್ಲ.

ಅದೇ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಅದರ ಖರ್ಚು, ರಾಜಕೀಯ ಬೇರೆ ಚರ್ಚೆ, ಅದನ್ನ ಇನ್ನೊಂದು ದಿನ ಮಾಡೋಣ. ಇವತ್ತಿನ ವಿಷಯಕ್ಕೆ ಒಂದೇ ಪಾಠ. ಪರಿಸರದ ಬಗ್ಗೆ ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ. ಬಸ್ ಹತ್ತೋದು ಸುಲಭ ಆಯ್ತು, ಹೆಣ್ಣುಮಕ್ಕಳು ಬಸ್ ಹತ್ತಿದರು. ಹತ್ತೋರ ಸಂಖ್ಯೆ ಏರಿತು. ಮನಸ್ಸು ಬದಲಾದ ಮೇಲೆ ಅಭ್ಯಾಸ ಬದಲಾಗುತ್ತೆ ಅಂತ ನಾವು ತಿಳಿದಿದ್ದೀವಿ. ಎಷ್ಟೋ ಸಲ ಅಭ್ಯಾಸ ಬದಲಾದ ಮೇಲೆ ಮನಸ್ಸು ಬದಲಾಗುತ್ತೆ.

ಈ ಮಾತಿಗೆ ಸ್ವೀಡನ್‌ನ ಸ್ಟಾಕ್‌ಹೋಮ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ನಗರದ ಒಳಗೆ ಬರೋ ಕಾರುಗಳಿಗೆ ಶುಲ್ಕ ಹಾಕ್ತೀವಿ ಅಂದಾಗ ಅಲ್ಲಿನ ಬಹುಪಾಲು ಜನ ವಿರೋಧಿಸಿದರು. ನಮ್ಮ ಥರಾನೇ. ಆಡಳಿತದವರು ಒಂದು ಜಾಣತನ ಮಾಡಿದರು. 2005ರ ಆಗಸ್ಟ್‌ನಲ್ಲೇ ಹೊಸ ಬಸ್ ಮಾರ್ಗಗಳನ್ನ ಬಿಟ್ಟರು. ಆಮೇಲೆ, "ಏಳು ತಿಂಗಳು ಪ್ರಯೋಗ ಮಾಡ್ತೀವಿ. ಮುಗಿದ ಮೇಲೆ ನಿಮ್ಮನ್ನೇ ಕೇಳ್ತೀವಿ. ಬೇಡ ಅಂದ್ರೆ ತೆಗೀತೀವಿ" ಅಂದರು. 2006ರ ಜನವರಿ 3ರಿಂದ ಜುಲೈ 31ರವರೆಗೆ ಶುಲ್ಕ ಹಾಕಿದರು. ಶುಲ್ಕದ ಗಡಿ ದಾಟೋ ವಾಹನಗಳು ಸುಮಾರು 100ಕ್ಕೆ 20ರಷ್ಟು ಕಡಿಮೆ ಆದವು. ಜನ ಕಿಟಕಿ ತೆಗೆದು ನೋಡಿದರು, ರಸ್ತೆ ಖಾಲಿ ಇದೆ, ಬಸ್ ಬೇಗ ಬರ್ತಿದೆ. ಸೆಪ್ಟೆಂಬರ್‌ನಲ್ಲಿ ಮತದಾನ. ವಿರೋಧ ಮಾಡಿದ್ದ ಅದೇ ನಗರದ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 'ಇರಲಿ' ಅಂದರು! 2007ರ ಆಗಸ್ಟ್‌ನಿಂದ ಅದು ಕಾಯಂ ಆಯ್ತು. ಮುಂದಿನ ವರ್ಷಗಳಲ್ಲಿ ಸಣ್ಣ ಮಕ್ಕಳ ಆಸ್ತಮಾ ತೊಂದರೆ ಅಲ್ಲಿ ಇಳಿದದ್ದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ಬೆಂಗಳೂರಿನಲ್ಲಿ ನಾಳೆಯೇ ಶುಲ್ಕ ಹಾಕಿ ಅಂತ ನಾನು ಹೇಳ್ತಿಲ್ಲ. ಬಸ್ ಇಲ್ಲದೆ, ಫುಟ್‌ಪಾತ್ ಇಲ್ಲದೆ ಶುಲ್ಕ ಹಾಕಿದರೆ ಅದು ಸುಲಿಗೆ ಆಗುತ್ತೆ. ನಾನು ಹೇಳ್ತಿರೋದು ಕ್ರಮದ ಬಗ್ಗೆ. ಅವರು ಮೊದಲು ಕೊಟ್ಟರು, ಆಮೇಲೆ ಕೇಳಿದರು, ಫಲಿತಾಂಶ ತೋರಿಸಿದರು, ಕೊನೆ ನಿರ್ಧಾರ ಜನರ ಕೈಗೆ ಬಿಟ್ಟರು. ನಮ್ಮಲ್ಲಿ ಕ್ರಮ ಹೇಗಿದೆ? ಮೊದಲು ಕೇಳ್ತೀವಿ. ಆಮೇಲೆ ಬೈತೀವಿ. ಕೊಡೋದು ಯಾವಾಗ ಅಂತ ಗೊತ್ತಿಲ್ಲ.

ಸರ್ಕಾರಕ್ಕೆ ನನ್ನ ಮಾತು ಇಷ್ಟು. ಜನರಿಂದ ಏನಾದ್ರೂ ಕೇಳೋ ಮುಂಚೆ ನಿಮ್ಮ ಪಾಲು ಕಣ್ಣಿಗೆ ಕಾಣೋ ಹಾಗೆ ಮಾಡಿ. ಕಸಕ್ಕೆ ಬೆಂಕಿ ಹಚ್ಚಿದ ದೂರು ಬಂದರೆ ಅವತ್ತೇ ಆರಿಸಿ, ಆರಿಸಿದ ಫೋಟೋ ದೂರು ಕೊಟ್ಟವರಿಗೆ ಕಳಿಸಿ. ಕಾಮಗಾರಿ ಜಾಗದ ಮಣ್ಣಿಗೆ ಹೊದಿಕೆ ಹಾಕಿಸಿ. ಹೊಗೆ ತಪಾಸಣೆ ನಿಜವಾದ ತಪಾಸಣೆ ಆಗಲಿ. ಆ ವೀಕ್ಷಕರು ಮತ್ತೆ ಫೋನ್ ಮಾಡಿದಾಗ 'ನಿಲ್ಲಿಸಿದರು ಸಾರ್' ಅಂತ ಹೇಳಲಿ. ಆಮೇಲೆ ಅವರು ಬಸ್ ಹತ್ತದಿದ್ರೆ ನಾನೇ ಕೇಳ್ತೀನಿ.

ಇನ್ನು ನಾವು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಆಗಬಾರದು. ಅದಕ್ಕೆ ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಮಾಲಿನ್ಯದ ಬಗ್ಗೆ ಈ ಕಾರ್ಯಕ್ರಮ ಮಾಡೋಣ ಅಂತ ತೀರ್ಮಾನ ಮಾಡಿದ ದಿನ ನಾನು ಸ್ಟುಡಿಯೋಗೆ ಬಂದಿದ್ದು ಕಾರಲ್ಲಿ, ಒಬ್ಬನೇ. ದಾರಿಯಲ್ಲಿ ಒಂದು ಸಿಗ್ನಲ್‌ನಲ್ಲಿ 140 ಸೆಕೆಂಡ್ ಅಂತ ಕೆಂಪು ಅಂಕಿ ಕಾಣಿಸ್ತು. ಎಂಜಿನ್ ಆನ್ ಇತ್ತು, ಏಸಿ ಆನ್ ಇತ್ತು, ನಾನು ಫೋನಲ್ಲಿ ದೆಹಲಿ ಹೊಗೆಯ ಸುದ್ದಿ ಓದ್ತಿದ್ದೆ! ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲೋದಾದ್ರೆ ಎಂಜಿನ್ ಆಫ್ ಮಾಡಿ ಮತ್ತೆ ಶುರು ಮಾಡೋದರಲ್ಲೇ ಇಂಧನ ಉಳಿತಾಯ ಅಂತ ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿರಲಿಲ್ಲ.

ಮರುದಿನ ಅದೇ ಸಿಗ್ನಲ್‌ನಲ್ಲಿ ಆಫ್ ಮಾಡಿದೆ. ನಿಜ ಹೇಳ್ತೀನಿ, ಮೊದಲ ದಿನ ಸ್ವಲ್ಪ ಮುಜುಗರ ಆಯ್ತು. ಹಿಂದಿನವನು ಹಾರ್ನ್ ಹೊಡೀತಾನೇನೋ ಅಂತ ಕನ್ನಡಿ ನೋಡ್ತಿದ್ದೆ. ಎರಡನೇ ದಿನ ಕಿಟಕಿ ಇಳಿಸಿದೆ. ಪಕ್ಕದ ಸ್ಕೂಟರ್‌ನವರು ನನ್ನ ಕಡೆ ನೋಡಿದರು, ಗಾಡಿ ಕೆಟ್ಟು ಹೋಯ್ತಾ ಅನ್ನೋ ಹಾಗೆ. "ಇನ್ನೂ 90 ಸೆಕೆಂಡ್ ಇದೆ, ಆಫ್ ಮಾಡಿದೆ" ಅಂದೆ. ಅವರು ನಕ್ಕರು. ಕೀ ತಿರುಗಿಸಿದರು. ಅಷ್ಟೇ. ಊರೇನೂ ಬದಲಾಗಲಿಲ್ಲ. ಆದರೆ ಒಂದು ಗಾಡಿ ಇದ್ದದ್ದು ಎರಡಾಯ್ತು. ಹನಿ ಹನಿ ಗೂಡಿದರೆ ಹಳ್ಳ ಅಂತ ಶಾಲೆಯಲ್ಲಿ ಓದಿದ್ದು ಇದನ್ನೇ.

ನಿಮ್ಮಲ್ಲಿ ನಾನು ಕೇಳೋದು ದೊಡ್ಡದೇನಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ, ಮಾಡಿದ್ದು ಪಕ್ಕದವರಿಗೆ ಗೊತ್ತಾಗಲಿ. ವಾರಕ್ಕೆ ಒಂದು ದಿನ ಬಸ್ಸೋ ಮೆಟ್ರೋನೋ ಹತ್ತಿ, ಆಫೀಸಲ್ಲಿ ಹೇಳಿ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಣ ಎಲೆ ಸುಡೋದು ಬೇಡ, ಗೊಬ್ಬರ ಮಾಡೋಣ ಅಂತ ಮೊದಲ ಮೆಸೇಜ್ ನೀವು ಹಾಕಿ. ಒಳ್ಳೆ ಕೆಲಸ ಮಾಡಿ ಹೇಳಿಕೊಳ್ಳಬಾರದು ಅಂತ ಹಿರಿಯರು ಹೇಳ್ತಾರೆ. ಈ ಒಂದು ವಿಷಯದಲ್ಲಿ ಹೇಳಿಕೊಳ್ಳಿ. ಯಾಕಂದ್ರೆ ಪಕ್ಕದವರು ನಿಮ್ಮನ್ನೇ ನೋಡ್ತಿದ್ದಾರೆ, ನೀವು ಅವರನ್ನ ನೋಡ್ತಿರೋ ಹಾಗೆ.

ಆ ಕೊಲಂಬಿಯಾ ಕೋಣೆಯಲ್ಲಿ ಒಂಬತ್ತು ಜನ ಕೆಟ್ಟವರೂ ಅಲ್ಲ, ದಡ್ಡರೂ ಅಲ್ಲ. ಜೊತೆಯಲ್ಲಿದ್ದವರು ಏಳ್ತಾರೇನೋ ಅಂತ ಕಾಯ್ತಿದ್ದರು. ಅಲ್ಲಿ ಕಿಂಡಿಯಿಂದ ಬಂದ ಹೊಗೆಯಿಂದ ಅಪಾಯ ಇರಲಿಲ್ಲ, ಪ್ರಯೋಗ ಮುಗಿದ ಮೇಲೆ ಎಲ್ಲರೂ ಮನೆಗೆ ಹೋದರು. ನಮ್ಮ ಕೋಣೆಗೆ ಬಾಗಿಲಿಲ್ಲ. ಇಲ್ಲಿ ಬರ್ತಿರೋದು ನಿಜವಾದ ಹೊಗೆ. ಸ್ಕೂಟರ್ ಮುಂದೆ ನಿಂತ ಆ ಮಗು ನಮ್ಮ ಜೊತೆಯಲ್ಲೇ ಇದೆ.

ನಾಳೆ ಬೆಳಿಗ್ಗೆ ಸಿಗ್ನಲ್ ಕೆಂಪಾದಾಗ ಅದನ್ನ ಒಂದು ಸಲ ನೆನಪು ಮಾಡಿಕೊಳ್ಳಿ.